ತುರ್ತು ಹೃದಯ ಚಿಕಿತ್ಸೆಯಲ್ಲಿ ರಕ್ತದೊತ್ತಡ ಏರಿಸುವ ಔಷಧಗಳು: ಸುಳ್ಯ, ಕಡಬ ಮತ್ತು ಪುತ್ತೂರು ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

ಪೀಠಿಕೆ

ತೀವ್ರ ಹೃದಯಾಘಾತಕ್ಕೆ ಒಳಗಾದ ರೋಗಿಯನ್ನು ಸುಳ್ಯದಿಂದ ಮಂಗಳೂರಿನ ಆಸ್ಪತ್ರೆಗೆ ಕಳುಹಿಸಲು ನಿರ್ಧರಿಸಿದ ಮೇಲೂ, ವೈದ್ಯರು ಕೆಲವೊಮ್ಮೆ ಆಂಬುಲೆನ್ಸ್ ಹೊರಡುವುದನ್ನು ಸ್ವಲ್ಪ ಹೊತ್ತು ತಡೆಹಿಡಿಯುತ್ತಾರೆ. ರೋಗಿಯ ಕೈಗೆ ಒಂದು ಸಣ್ಣ ಯಂತ್ರದ ಮೂಲಕ ಔಷಧ ಹರಿಸಿ, ರಕ್ತದೊತ್ತಡ ಒಂದು ಮಟ್ಟಕ್ಕೆ ಬಂದ ನಂತರವೇ ಹೊರಡಲು ಸೂಚಿಸುತ್ತಾರೆ. ಹೊರಗೆ ನಿಂತಿರುವ ಸಂಬಂಧಿಕರಿಗೆ ಇದು ಅನಗತ್ಯ ವಿಳಂಬವೆಂದು ತೋರುವುದು ಸಹಜ. ಆದರೆ ಆ ಕೆಲವು ನಿಮಿಷಗಳೇ ಮುಂದಿನ ಪ್ರಯಾಣವನ್ನು ರೋಗಿ ತಾಳಿಕೊಳ್ಳಲು ಸಾಧ್ಯವಾಗಿಸುತ್ತವೆ. ಹೀಗೆ ನೀಡುವ ಔಷಧಗಳಿಗೆ ವೈದ್ಯಕೀಯದಲ್ಲಿ ವ್ಯಾಸೋಪ್ರೆಸರ್ ಎಂದು ಹೆಸರು. ಅವು ಯಾವುವು, ಯಾವಾಗ ಬೇಕಾಗುತ್ತವೆ, ಅವುಗಳ ಮಿತಿಗಳೇನು ಮತ್ತು ಈ ಸಂದರ್ಭದಲ್ಲಿ ನಾಗರಿಕರು ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ವ್ಯಾಸೋಪ್ರೆಸರ್ ಎಂದರೇನು?

ನಮ್ಮ ದೇಹದ ರಕ್ತದೊತ್ತಡವು ಎರಡು ಸಂಗತಿಗಳನ್ನು ಅವಲಂಬಿಸಿದೆ. ಮೊದಲನೆಯದು, ಹೃದಯವು ಪ್ರತಿ ನಿಮಿಷಕ್ಕೆ ಹೊರದೂಡುವ ರಕ್ತದ ಪ್ರಮಾಣ. ಎರಡನೆಯದು, ರಕ್ತನಾಳಗಳು ಎಷ್ಟು ಬಿಗಿಯಾಗಿವೆ ಎಂಬುದು. ತೋಟಕ್ಕೆ ನೀರು ಹಾಯಿಸುವಾಗ ಪಂಪಿನ ಶಕ್ತಿ ಕುಂದಿದರೆ ಗುಡ್ಡದ ಮೇಲಿನ ಅಡಿಕೆ ಮರಗಳಿಗೆ ನೀರು ಏರುವುದಿಲ್ಲ. ಪೈಪಿನ ಬಾಯಿಯನ್ನು ಬೆರಳಿನಿಂದ ಸ್ವಲ್ಪ ಒತ್ತಿ ಹಿಡಿದಾಗ ಅದೇ ನೀರು ದೂರಕ್ಕೆ ಚಿಮ್ಮುತ್ತದೆ. ವ್ಯಾಸೋಪ್ರೆಸರ್ ಔಷಧಗಳು ರಕ್ತನಾಳಗಳನ್ನು ಸಂಕುಚಿಸಿ ಇದೇ ರೀತಿ ಒತ್ತಡವನ್ನು ಏರಿಸುತ್ತವೆ. ಅವುಗಳಲ್ಲಿ ಕೆಲವು ಹೃದಯದ ಸ್ನಾಯುವಿನ ಬಡಿತದ ಬಲವನ್ನೂ ಹೆಚ್ಚಿಸುತ್ತವೆ.

ರಕ್ತದೊತ್ತಡ ತೀರಾ ಕುಸಿದಾಗ ಮೆದುಳು, ಮೂತ್ರಪಿಂಡ ಹಾಗೂ ಸ್ವತಃ ಹೃದಯಕ್ಕೂ ರಕ್ತ ಸಾಲುವುದಿಲ್ಲ. ರೋಗಿಯ ಕೈಕಾಲು ತಣ್ಣಗಾಗಿ ಬೆವರುತ್ತವೆ, ಮಾತು ತಡವರಿಸುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಈ ಸ್ಥಿತಿಯನ್ನು ವೈದ್ಯರು ‘ಶಾಕ್’ ಎನ್ನುತ್ತಾರೆ. ಆಡುಮಾತಿನಲ್ಲಿ ವಿದ್ಯುತ್ ತಗುಲಿದರೆ ಅಥವಾ ಆಘಾತಕರ ಸುದ್ದಿ ಕೇಳಿದರೆ ಶಾಕ್ ಎನ್ನುವ ವಾಡಿಕೆ ಇದೆ. ಇಲ್ಲಿನ ಅರ್ಥ ಅದಲ್ಲ. ಅಂಗಾಂಗಗಳಿಗೆ ರಕ್ತಪೂರೈಕೆ ಸಾಲದೆ ಹೋಗಿರುವುದೇ ಶಾಕ್. ಸಾಮಾನ್ಯವಾಗಿ ರಕ್ತನಾಳದ ಸರಾಸರಿ ಒತ್ತಡವು 65 ಮಿಲಿಮೀಟರ್ ಪಾದರಸದಷ್ಟಾದರೂ ಇರುವಂತೆ ನೋಡಿಕೊಳ್ಳುವುದು ಚಿಕಿತ್ಸೆಯ ಗುರಿಯಾಗಿರುತ್ತದೆ.

ಮುಖ್ಯ ಔಷಧಗಳು

1. ಅಡ್ರಿನಲಿನ್: ಮೂತ್ರಪಿಂಡದ ಮೇಲಿರುವ ಗ್ರಂಥಿಯು ನಮ್ಮ ದೇಹದಲ್ಲಿಯೇ ಉತ್ಪಾದಿಸುವ ವಸ್ತು ಇದು. ಇದನ್ನು ಶುದ್ಧ ಹರಳಿನ ರೂಪದಲ್ಲಿ ಬೇರ್ಪಡಿಸಿದ ಕೀರ್ತಿ ಜಪಾನ್ ಮೂಲದ ವಿಜ್ಞಾನಿ ಜೋಕಿಚಿ ತಕಾಮಿನೆ ಅವರಿಗೆ ಸಲ್ಲುತ್ತದೆ. ಅವರ ವರದಿಗಳು 1901ರಲ್ಲಿ ಪ್ರಕಟವಾದವು. ಹೃದಯ ಸ್ತಂಭನದಲ್ಲಿ ಹಾಗೂ ತೀವ್ರ ಅಲರ್ಜಿಯಲ್ಲಿ ಬಳಸುವ ಪ್ರಮುಖ ಔಷಧ ಇದಾಗಿದೆ.

2. ನಾರ್‌ಅಡ್ರಿನಲಿನ್: ನರತಂತುಗಳ ತುದಿಯಲ್ಲಿ ಬಿಡುಗಡೆಯಾಗುವ ಈ ವಸ್ತುವನ್ನು ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಅವರು 1946ರಲ್ಲಿ ಗುರುತಿಸಿದರು. ಅವರಿಗೆ 1970ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು. ಇಂದು ಶಾಕ್‌ನಲ್ಲಿರುವ ರೋಗಿಗೆ ಸಾಮಾನ್ಯವಾಗಿ ಮೊದಲು ಆಯ್ಕೆ ಮಾಡುವ ಔಷಧ ಇದೇ.

3. ಡೋಪಮಿನ್: ಹಿಂದೆ ಬಹುತೇಕ ಆಸ್ಪತ್ರೆಗಳಲ್ಲಿ ಇದನ್ನೇ ಮೊದಲು ಬಳಸಲಾಗುತ್ತಿತ್ತು. 1,679 ರೋಗಿಗಳನ್ನು ಒಳಗೊಂಡು 2010ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ, ಡೋಪಮಿನ್ ಪಡೆದವರಲ್ಲಿ ಶೇ. 24ರಷ್ಟು ಮಂದಿಗೆ ಹೃದಯದ ಬಡಿತ ತಪ್ಪಿತು. ನಾರ್‌ಅಡ್ರಿನಲಿನ್ ಪಡೆದವರಲ್ಲಿ ಈ ಪ್ರಮಾಣ ಶೇ. 12ರಷ್ಟಿತ್ತು. ಆ ನಂತರ ಡೋಪಮಿನ್ ಬಳಕೆ ಕಡಿಮೆಯಾಯಿತು.

4. ಡೊಬುಟಮಿನ್: ಇದು ರಕ್ತನಾಳಗಳನ್ನು ಬಿಗಿಗೊಳಿಸುವುದಕ್ಕಿಂತ ಹೃದಯದ ಸ್ನಾಯುವಿಗೆ ಬಲ ನೀಡುತ್ತದೆ. ಆದುದರಿಂದ ಕೆಲವೊಮ್ಮೆ ನಾರ್‌ಅಡ್ರಿನಲಿನ್ ಜೊತೆಗೆ ಇದನ್ನೂ ನೀಡಲಾಗುತ್ತದೆ.

ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಎರಡೂ ಭಾರತ ಸರ್ಕಾರದ 2022ರ ರಾಷ್ಟ್ರೀಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿವೆ. ಇವು ಚುಚ್ಚುಮದ್ದಿನ ರೂಪದಲ್ಲಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ನೀಡತಕ್ಕ ಔಷಧಗಳು. ರಕ್ತದೊತ್ತಡ ಕಡಿಮೆ ಇರುವವರು ಮನೆಯಲ್ಲಿ ಇಟ್ಟುಕೊಂಡು ಬಳಸತಕ್ಕವುಗಳಲ್ಲ.

ಹೃದಯಾಘಾತ ಮತ್ತು ಹೃದಯ ಸ್ತಂಭನ: ವ್ಯತ್ಯಾಸ

ಈ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದು ರೂಢಿಯಲ್ಲಿದೆ. ಆದರೆ ಚಿಕಿತ್ಸೆ ಬೇರೆ ಬೇರೆ ಆಗಿರುವುದರಿಂದ ವ್ಯತ್ಯಾಸವನ್ನು ತಿಳಿದಿರುವುದು ಅಗತ್ಯ.

ಹೃದಯಾಘಾತದಲ್ಲಿ ಹೃದಯಕ್ಕೆ ರಕ್ತ ಒದಗಿಸುವ ನಾಳವು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಕೊಳ್ಳುತ್ತದೆ. ರೋಗಿಗೆ ಪ್ರಜ್ಞೆ ಇರುತ್ತದೆ. ಎದೆನೋವು, ಬೆವರು, ಎಡಗೈ ಅಥವಾ ದವಡೆಯಲ್ಲಿ ನೋವು ಕಾಣಿಸಿಕೊಳ್ಳಬಹುದು. ಬಹುಪಾಲು ರೋಗಿಗಳಿಗೆ ವ್ಯಾಸೋಪ್ರೆಸರ್ ಬೇಕಾಗುವುದಿಲ್ಲ. ನೂರು ರೋಗಿಗಳಲ್ಲಿ ಸುಮಾರು 5ರಿಂದ 10 ಮಂದಿಗೆ ಹೃದಯದ ಸ್ನಾಯುವಿಗೆ ಆದ ಹಾನಿ ದೊಡ್ಡದಾಗಿದ್ದು, ರಕ್ತದೊತ್ತಡ ಕುಸಿದು ಹೃದಯಜನ್ಯ ಶಾಕ್ ಉಂಟಾಗುತ್ತದೆ. ಇದು ಅತ್ಯಂತ ಗಂಭೀರ ಸ್ಥಿತಿ. ಒಳ್ಳೆಯ ಚಿಕಿತ್ಸೆ ದೊರೆತರೂ ಇವರಲ್ಲಿ ಸುಮಾರು ಅರ್ಧದಷ್ಟು ಮಂದಿ ಬದುಕುಳಿಯುವುದಿಲ್ಲ.

ಹೃದಯ ಸ್ತಂಭನದಲ್ಲಿ ಹೃದಯವು ರಕ್ತ ದೂಡುವುದನ್ನೇ ನಿಲ್ಲಿಸುತ್ತದೆ. ವ್ಯಕ್ತಿ ಕುಸಿದು ಬೀಳುತ್ತಾರೆ, ಕರೆದರೆ ಪ್ರತಿಕ್ರಿಯಿಸುವುದಿಲ್ಲ, ಉಸಿರಾಟ ನಿಂತಿರುತ್ತದೆ ಅಥವಾ ಏದುಸಿರಿನಂತೆ ಬಿಟ್ಟು ಬಿಟ್ಟು ಬರುತ್ತಿರುತ್ತದೆ. ಇಲ್ಲಿ ಎದೆಯನ್ನು ಒತ್ತುವ ಪ್ರಥಮ ಚಿಕಿತ್ಸೆಯೇ ಮೊದಲ ಔಷಧ.

ಔಷಧವು ಏನು ಮಾಡಬಲ್ಲದು, ಏನು ಮಾಡಲಾರದು?

ನಾಗರಿಕರು ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ವ್ಯಾಸೋಪ್ರೆಸರ್ ರೋಗದ ಮೂಲವನ್ನು ನಿವಾರಿಸುವುದಿಲ್ಲ. ಅದು ಕಾಲಾವಕಾಶವನ್ನು ಒದಗಿಸುತ್ತದೆ. ಮಳೆಗಾಲದಲ್ಲಿ ತೋಡು ದಾಟಲು ಹಾಕುವ ಕಾಲುಸಂಕದಂತೆ ಇದು ಆಚೆ ದಡ ಸೇರಲು ನೆರವಾಗುತ್ತದೆ. ಅದರ ಮೇಲೆಯೇ ನಿಂತಿರಲು ಬರುವುದಿಲ್ಲ. ಹೃದಯಾಘಾತದಲ್ಲಿ ಆಚೆ ದಡವೆಂದರೆ ಮುಚ್ಚಿದ ರಕ್ತನಾಳವನ್ನು ತೆರೆಯುವುದು. ಹೆಪ್ಪು ಕರಗಿಸುವ ಚುಚ್ಚುಮದ್ದಿನಿಂದ ಅಥವಾ ಆಂಜಿಯೋಪ್ಲಾಸ್ಟಿಯಿಂದ ಇದನ್ನು ಮಾಡಬೇಕಾಗುತ್ತದೆ. ಹೃದಯಜನ್ಯ ಶಾಕ್ ಇರುವ ರೋಗಿಗೆ ರಕ್ತನಾಳವನ್ನು ಬೇಗನೆ ತೆರೆಯುವುದರಿಂದ ಪ್ರಾಣ ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ಆದುದರಿಂದ ಔಷಧದಿಂದ ಒತ್ತಡ ಏರಿತೆಂದ ಮಾತ್ರಕ್ಕೆ ರೋಗಿ ಗುಣಮುಖರಾದರೆಂದು ಭಾವಿಸಿ ಮುಂದಿನ ಚಿಕಿತ್ಸೆಯನ್ನು ಮುಂದೂಡಬಾರದು.

ಹೃದಯ ಸ್ತಂಭನದಲ್ಲಿ ವಯಸ್ಕರಿಗೆ 1 ಮಿಲಿಗ್ರಾಂ ಅಡ್ರಿನಲಿನ್ ಅನ್ನು 3ರಿಂದ 5 ನಿಮಿಷಗಳಿಗೊಮ್ಮೆ ರಕ್ತನಾಳದ ಮೂಲಕ ನೀಡುವುದು ಅಂಗೀಕೃತ ಕ್ರಮ. ಇದರ ಪರಿಣಾಮವನ್ನು ಪರೀಕ್ಷಿಸಲು ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನವು 2018ರಲ್ಲಿ ಪ್ರಕಟವಾಯಿತು. ಅದರಂತೆ ಅಡ್ರಿನಲಿನ್ ಪಡೆದ ಸಾವಿರ ಮಂದಿಯಲ್ಲಿ 32 ಮಂದಿ 30 ದಿನಗಳ ನಂತರ ಜೀವಂತವಾಗಿದ್ದರು; ಪಡೆಯದವರಲ್ಲಿ 24 ಮಂದಿ ಜೀವಂತವಾಗಿದ್ದರು. ಆದರೆ ಬದುಕುಳಿದವರಲ್ಲಿ ಮೆದುಳಿಗೆ ತೀವ್ರ ಹಾನಿಯಾಗಿದ್ದವರ ಪ್ರಮಾಣವು ಅಡ್ರಿನಲಿನ್ ಪಡೆದವರಲ್ಲೇ ಹೆಚ್ಚಾಗಿತ್ತು. ಔಷಧವು ಹೃದಯವನ್ನು ಮರಳಿ ಮಿಡಿಯುವಂತೆ ಮಾಡಿದರೂ, ಅಷ್ಟರೊಳಗೆ ರಕ್ತವಿಲ್ಲದೆ ಬಳಲಿದ ಮೆದುಳನ್ನು ಸರಿಪಡಿಸಲಾರದು. ಮೆದುಳನ್ನು ಉಳಿಸುವುದು ಮೊದಲ ನಿಮಿಷಗಳಲ್ಲಿ ಎದೆ ಒತ್ತುವ ಕೈಗಳು. ಆ ಕೈಗಳು ಬಹುತೇಕ ಮನೆಯವರದೋ ನೆರೆಮನೆಯವರದೋ ಆಗಿರುತ್ತವೆ.

ಆಂಬುಲೆನ್ಸ್ ಬರುವ ಮುನ್ನ

1. ಎದೆನೋವು ಕಾಣಿಸಿಕೊಂಡ ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ರಾಜ್ಯದಲ್ಲಿ 2008ರ ನವೆಂಬರ್‌ನಲ್ಲಿ ಆರಂಭವಾದ ಈ ಆರೋಗ್ಯ ಕವಚ ಸೇವೆ ಉಚಿತವಾಗಿದೆ. ಊರಿನ ಹೆಸರಿನೊಂದಿಗೆ ಹತ್ತಿರದ ಶಾಲೆ, ಭಜನಾ ಮಂದಿರ, ಹಾಲಿನ ಸೊಸೈಟಿ ಅಥವಾ ಬಸ್ ನಿಲ್ದಾಣದ ಗುರುತನ್ನು ತಿಳಿಸಬೇಕು. ಮನೆಯವರೆಗೆ ವಾಹನ ಬರಲು ದಾರಿ ಇಲ್ಲದಿದ್ದರೆ ಅದನ್ನು ಕರೆಯಲ್ಲಿಯೇ ತಿಳಿಸಿ, ಮುಖ್ಯರಸ್ತೆಯಲ್ಲಿ ಒಬ್ಬರನ್ನು ಟಾರ್ಚ್ ಸಹಿತ ನಿಲ್ಲಿಸಬೇಕು.

2. ಎದೆನೋವಿರುವ ರೋಗಿಯನ್ನು ನಡೆಸಬಾರದು. ಗುಡ್ಡದ ಮನೆಯಿಂದ ಕುರ್ಚಿ ಅಥವಾ ಮಂಚದ ಮೇಲೆ ಹೊತ್ತು ತರಬೇಕು. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ ಕರೆತರುವುದು ಅಪಾಯಕಾರಿ.

3. ನಾಲಗೆಯ ಕೆಳಗೆ ಇಡುವ ಸೋರ್ಬಿಟ್ರೇಟ್ ಮಾತ್ರೆಯನ್ನು ವೈದ್ಯರ ಸಲಹೆ ಇಲ್ಲದೆ ನೀಡಬಾರದು. ಈ ಮಾತ್ರೆ ರಕ್ತನಾಳಗಳನ್ನು ಹಿಗ್ಗಿಸಿ ಒತ್ತಡವನ್ನು ಇಳಿಸುತ್ತದೆ. ಈಗಾಗಲೇ ಒತ್ತಡ ಕುಸಿದಿರುವ, ಬೆವರಿ ತಣ್ಣಗಾಗಿರುವ ರೋಗಿಗೆ ಇದನ್ನು ಕೊಟ್ಟರೆ ಶಾಕ್ ತೀವ್ರಗೊಳ್ಳುತ್ತದೆ. ಆಸ್ಪತ್ರೆಗೆ ಬರುವ ಮುನ್ನ ಕೊಟ್ಟಿದ್ದಲ್ಲಿ ವೈದ್ಯರಿಗೆ ತಪ್ಪದೆ ತಿಳಿಸಬೇಕು, ಮುಚ್ಚಿಡಬಾರದು.

4. ವ್ಯಕ್ತಿ ಪ್ರಜ್ಞೆ ತಪ್ಪಿ, ಸಹಜ ಉಸಿರಾಟ ಇಲ್ಲದಿದ್ದಲ್ಲಿ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ಮಧ್ಯಭಾಗದಲ್ಲಿ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಪ್ರತಿ ಒತ್ತಿನ ನಂತರ ಎದೆ ಪೂರ್ತಿಯಾಗಿ ಮೇಲೇಳಲು ಬಿಡಬೇಕು. ಸುಸ್ತಾದರೆ ಇನ್ನೊಬ್ಬರು ಮುಂದುವರಿಸಬೇಕು. ಎದೆ ಒತ್ತದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಗ್ಗುತ್ತದೆ.

5. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಸೋಡಾ, ಕಷಾಯ ಇತ್ಯಾದಿ ಯಾವುದನ್ನೂ ಹಾಕಬಾರದು.

ಸುಳ್ಯದಲ್ಲಿ ಲಭ್ಯವಿರುವ ವ್ಯವಸ್ಥೆ

ಸುಳ್ಯ ಪಟ್ಟಣದಲ್ಲಿ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ ಹಾಗೂ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ. ಕಡಬದಲ್ಲಿ ಸಮುದಾಯ ಆರೋಗ್ಯ ಕೇಂದ್ರವೂ, ಪುತ್ತೂರಿನಲ್ಲಿ ಸಾರ್ವಜನಿಕ ಆಸ್ಪತ್ರೆಯೂ ಇವೆ. ಜಿಲ್ಲಾ ಆಸ್ಪತ್ರೆಯಾದ ವೆನ್‌ಲಾಕ್ ಮಂಗಳೂರಿನಲ್ಲಿದ್ದು, ಸುಳ್ಯದಿಂದ ಎಂಬತ್ತು ಕಿಲೋಮೀಟರಿಗೂ ಹೆಚ್ಚು ದೂರವಾಗುತ್ತದೆ. ಸಂಪಾಜೆ, ಕೊಲ್ಲಮೊಗ್ರು, ಸುಬ್ರಹ್ಮಣ್ಯ ಮುಂತಾದ ಘಟ್ಟದ ಬುಡದ ಊರುಗಳವರಿಗೆ ಮಂಗಳೂರು ಇನ್ನೂ ದೂರ. ಮಡಿಕೇರಿ ಕಡೆಗೆ ಹೋಗುವ ಘಟ್ಟದ ರಸ್ತೆಯನ್ನು ಮಳೆಗಾಲದಲ್ಲಿ ಪೂರ್ತಿಯಾಗಿ ನಂಬುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ ಪರಿಸರದ ಭೂಕುಸಿತದಿಂದ ಆ ಮಾರ್ಗವೇ ಕಡಿದುಹೋಗಿತ್ತು.

ಈ ದೂರವನ್ನು ಗಮನದಲ್ಲಿಟ್ಟರೆ, ಎದೆನೋವು ಬಂದ ರೋಗಿಯನ್ನು ಸೀದಾ ಮಂಗಳೂರಿಗೆ ಒಯ್ಯುವ ಬದಲು ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸುವುದು ಸೂಕ್ತವೆಂದು ತಿಳಿಯುತ್ತದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಆರಂಭಿಸಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್ಸ್’ ಕಾರ್ಯಕ್ರಮದ ಮೂಲಕ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಒದಗಿಸಿ, ವಾಟ್ಸಾಪ್ ಮೂಲಕ ಬಂದ ಇಸಿಜಿ ನೋಡಿ ತಜ್ಞರು ಸಲಹೆ ನೀಡುವ ಕ್ರಮ ಬೆಳೆಯಿತು. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಜಿಲ್ಲಾ ಹಾಗೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಹಂತ ಹಂತವಾಗಿ ಇಂತಹ ವ್ಯವಸ್ಥೆ ಕಲ್ಪಿಸಲಾಗಿದ್ದು, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅರ್ಹ ರೋಗಿಗಳಿಗೆ ಉಚಿತವಾಗಿ ನೀಡಲಾಗುತ್ತದೆ. ಎರಡು ಗಂಟೆಗಳೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಿಲ್ಲದಿದ್ದಲ್ಲಿ ಈ ಚುಚ್ಚುಮದ್ದನ್ನು ಮೊದಲು ನೀಡುವುದು ಒಪ್ಪಿತ ಕ್ರಮವಾಗಿದೆ.

ರೋಗಿಯನ್ನು ಸಾಗಿಸುವಾಗ

ನಾರ್‌ಅಡ್ರಿನಲಿನ್ ಅನ್ನು ಅತ್ಯಂತ ಸಣ್ಣ ಪ್ರಮಾಣದಲ್ಲಿ, ನಿಮಿಷಕ್ಕೆ ಇಷ್ಟು ಮೈಕ್ರೋಗ್ರಾಂ ಎಂದು ಲೆಕ್ಕ ಹಾಕಿ ಹರಿಸಲಾಗುತ್ತದೆ. ಉದಾಹರಣೆಗೆ 60 ಕಿಲೋ ತೂಕದ ರೋಗಿಗೆ ಪ್ರತಿ ಕಿಲೋಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂನಂತೆ ನೀಡಿದಲ್ಲಿ, 4 ಮಿಲಿಗ್ರಾಂ ಔಷಧವು ಸುಮಾರು 11 ಗಂಟೆಗಳ ಕಾಲ ಬರುತ್ತದೆ. ಇಷ್ಟು ಸೂಕ್ಷ್ಮ ಪ್ರಮಾಣವನ್ನು ಕಣ್ಣಂದಾಜಿನಿಂದ ಹನಿಸುವುದು ಕಷ್ಟವಾದುದರಿಂದ ಸಿರಿಂಜ್ ಪಂಪ್ ಎಂಬ ಯಂತ್ರವನ್ನು ಬಳಸಲಾಗುತ್ತದೆ. ಈ ಔಷಧದ ಪರಿಣಾಮ ಕೆಲವೇ ನಿಮಿಷಗಳು ಉಳಿಯುವುದರಿಂದ, ದಾರಿ ಮಧ್ಯದಲ್ಲಿ ಪಂಪ್ ನಿಂತರೆ ಅಥವಾ ಔಷಧ ಮುಗಿದರೆ ಒತ್ತಡ ತಕ್ಷಣ ಕುಸಿಯುತ್ತದೆ. ಆದುದರಿಂದ ಇಂತಹ ರೋಗಿಗೆ ಖಾಲಿ ವ್ಯಾನ್ ಅಥವಾ ಸ್ವಂತ ಕಾರು ಸೂಕ್ತವಲ್ಲ. ತರಬೇತಿ ಪಡೆದ ಸಿಬ್ಬಂದಿ, ಹೃದಯ ಬಡಿತ ತೋರಿಸುವ ಮಾನಿಟರ್, ಆಮ್ಲಜನಕ ಹಾಗೂ ಡಿಫಿಬ್ರಿಲೇಟರ್ ಇರುವ ಸುಧಾರಿತ ಜೀವರಕ್ಷಕ ಆಂಬುಲೆನ್ಸ್ ಅಗತ್ಯ.

ಹೊರಡುವ ಮುನ್ನ ಸಂಬಂಧಿಕರು ಈ ಕೆಳಕಂಡ ಪ್ರಶ್ನೆಗಳನ್ನು ಕೇಳಬಹುದಾಗಿದೆ:

- ರೋಗಿಗೆ ಒತ್ತಡ ಏರಿಸುವ ಔಷಧ ಹರಿಯುತ್ತಿದೆಯೇ? ಯಾವ ಔಷಧ, ಎಷ್ಟು ಪ್ರಮಾಣ?
- ಪಂಪ್‌ನ ಬ್ಯಾಟರಿ ಮತ್ತು ಹೆಚ್ಚುವರಿ ಸಿರಿಂಜ್ ಪ್ರಯಾಣದ ಪೂರ್ತಿ ಅವಧಿಗೆ ಸಾಕಾಗುವುದೇ?
- ಮಂಗಳೂರಿನ ಆಸ್ಪತ್ರೆಗೆ ಮುಂಚಿತವಾಗಿ ತಿಳಿಸಲಾಗಿದೆಯೇ? ಅಲ್ಲಿ ಹಾಸಿಗೆ ಖಚಿತವಾಗಿದೆಯೇ?
- ಹೆಪ್ಪು ಕರಗಿಸುವ ಚುಚ್ಚುಮದ್ದು ನೀಡಿದ್ದರೆ, ಯಾವ ಸಮಯಕ್ಕೆ?

ಇಸಿಜಿ ಪ್ರತಿ ಹಾಗೂ ಈ ಎಲ್ಲ ವಿವರಗಳಿರುವ ಶಿಫಾರಸು ಪತ್ರವನ್ನು ಜೊತೆಯಲ್ಲಿ ಒಯ್ಯತಕ್ಕದ್ದು. ತುಳು, ಅರೆಭಾಷೆ, ಮಲಯಾಳಂ ಮನೆಮಾತಿನ ಕುಟುಂಬದವರು ವಿಷಯ ಸ್ಪಷ್ಟವಾಗದಿದ್ದರೆ ತಮ್ಮ ಭಾಷೆಯಲ್ಲಿ ವಿವರಿಸುವಂತೆ ಕೇಳಲು ಹಿಂಜರಿಯಬೇಕಾಗಿಲ್ಲ.

ಅಡ್ಡಪರಿಣಾಮಗಳು

ರಕ್ತನಾಳಗಳನ್ನು ಬಿಗಿಗೊಳಿಸುವ ಔಷಧವಾದುದರಿಂದ ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ಕಾಲ ನೀಡಬೇಕಾದಾಗ ಕೈಕಾಲು ಬೆರಳುಗಳಿಗೆ ರಕ್ತ ಕಡಿಮೆಯಾಗಿ ಅವು ನೀಲಿ ಅಥವಾ ಕಪ್ಪು ಬಣ್ಣಕ್ಕೆ ತಿರುಗಬಹುದು. ಹೃದಯದ ಬಡಿತ ತಪ್ಪಬಹುದು. ಔಷಧವು ರಕ್ತನಾಳದಿಂದ ಹೊರಕ್ಕೆ ಸೋರಿದರೆ ಆ ಭಾಗದ ಚರ್ಮ ಬಿಳಿಚಿಕೊಂಡು ಕೊಳೆಯುವ ಸಂಭವವಿದೆ. ಸೂಜಿ ಚುಚ್ಚಿದ ಜಾಗದಲ್ಲಿ ಉರಿ, ಊತ ಅಥವಾ ಬಿಳಿಚುವಿಕೆ ಕಂಡಲ್ಲಿ ಸಂಬಂಧಿಕರು ಕೂಡಲೇ ಶುಶ್ರೂಷಕರಿಗೆ ತಿಳಿಸಬೇಕು; ತಾವಾಗಿ ಸೂಜಿಯನ್ನು ಕೀಳಬಾರದು, ಪಂಪ್‌ನ ಗುಂಡಿಗಳನ್ನು ಒತ್ತಬಾರದು. ದೀರ್ಘಕಾಲ ಔಷಧ ಬೇಕಾದಲ್ಲಿ ಕುತ್ತಿಗೆಯ ಅಥವಾ ತೊಡೆಯ ದೊಡ್ಡ ರಕ್ತನಾಳಕ್ಕೆ ನಳಿಕೆ ಅಳವಡಿಸಲು ವೈದ್ಯರು ಒಪ್ಪಿಗೆ ಕೇಳುವುದು ಇದೇ ಕಾರಣಕ್ಕಾಗಿ.

ಜೇನುನೊಣ ಮತ್ತು ಕಣಜದ ಕಡಿತ

ಅಡಿಕೆ, ರಬ್ಬರ್ ತೋಟಗಳಲ್ಲಿ ದುಡಿಯುವವರಿಗೆ ಹೆಜ್ಜೇನು ಮತ್ತು ಕಣಜಗಳ ಕಡಿತದ ಅಪಾಯವಿದೆ. ಕೆಲವರಿಗೆ ಕಡಿತದ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ತುರಿಕೆ, ಗಂಟಲು ಊತ, ಉಸಿರುಕಟ್ಟುವಿಕೆ ಉಂಟಾಗಿ ರಕ್ತದೊತ್ತಡ ಕುಸಿಯುತ್ತದೆ. ಇಂತಹ ತೀವ್ರ ಅಲರ್ಜಿಯಲ್ಲಿ ಅಡ್ರಿನಲಿನ್‌ಗೆ ಸಮನಾದ ಬೇರೆ ಔಷಧವಿಲ್ಲ. ವಯಸ್ಕರಿಗೆ 0.5 ಮಿಲಿಗ್ರಾಂ ಪ್ರಮಾಣವನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಚುಚ್ಚಲಾಗುತ್ತದೆ. ಇದಕ್ಕೆ ಪಂಪ್ ಆಗಲಿ ತೀವ್ರ ನಿಗಾ ಘಟಕವಾಗಲಿ ಬೇಕಾಗಿಲ್ಲ. ಆದುದರಿಂದ ದೂರದ ಆಸ್ಪತ್ರೆಯನ್ನು ಅರಸದೆ ಅತಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಧಾವಿಸಬೇಕು. ದಾರಿಯಲ್ಲಿ ರೋಗಿಯನ್ನು ಮಲಗಿಸಿ ಕಾಲುಗಳನ್ನು ಮೇಲೆತ್ತಿರಬೇಕು. ಉಸಿರಾಟ ಕಷ್ಟವಾದರೆ ಮಾತ್ರ ಕೂರಿಸಬೇಕು.

ವೆಚ್ಚ, ಹಕ್ಕುಗಳು ಮತ್ತು ದಾಖಲೆಗಳು

1. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ಸೌಲಭ್ಯವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಭರಿಸಲಾಗುತ್ತದೆ. ಯೋಜನೆಯಲ್ಲಿ ತುರ್ತು ಎಂದು ಪಟ್ಟಿ ಮಾಡಿರುವ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರಕ್ಕಾಗಿ ಕಾಯದೆ ನೇರವಾಗಿ ನೋಂದಾಯಿತ ಆಸ್ಪತ್ರೆಗೆ ದಾಖಲಾಗಬಹುದು.

2. ಆಧಾರ್ ಮತ್ತು ಪಡಿತರ ಚೀಟಿಯ ಪ್ರತಿಗಳನ್ನು, ರೋಗಿ ಸೇವಿಸುತ್ತಿರುವ ಮಾತ್ರೆಗಳ ಚೀಟಿಯನ್ನು ಹಾಗೂ ಹಳೆಯ ಇಸಿಜಿಯನ್ನು ಒಂದೇ ಚೀಲದಲ್ಲಿ ಮನೆಯಲ್ಲಿ ಸಿದ್ಧವಾಗಿಟ್ಟಿರುವುದು ಒಳ್ಳೆಯದು. ದಾಖಲೆ ಹುಡುಕಲೆಂದು ಪ್ರಯಾಣವನ್ನು ಮಾತ್ರ ತಡಮಾಡಬಾರದು. ಅವನ್ನು ನಂತರ ತಂದು ಒಪ್ಪಿಸಬಹುದು.

3. ಪ್ರಾಣ ಉಳಿಸುವ ತುರ್ತು ನೆರವು ನೀಡುವುದು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿಯೊಬ್ಬ ವೈದ್ಯರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಕಾಲಕ್ಕೆ ತುರ್ತು ಚಿಕಿತ್ಸೆ ನಿರಾಕರಿಸುವುದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆಯೆಂದು 1996ರಲ್ಲಿ ಇನ್ನೊಂದು ತೀರ್ಪು ಸ್ಪಷ್ಟಪಡಿಸಿದೆ.

4. ಚಿಕಿತ್ಸೆಯ ದಾಖಲೆಗಳ ಪ್ರತಿಗಾಗಿ ರೋಗಿ ಅಥವಾ ಅಧಿಕೃತ ಸಂಬಂಧಿಕರು ಅರ್ಜಿ ಸಲ್ಲಿಸಿದಲ್ಲಿ, 2002ರ ವೈದ್ಯಕೀಯ ವೃತ್ತಿ ನಡವಳಿಕೆ ನಿಯಮಗಳಂತೆ 72 ಗಂಟೆಗಳೊಳಗೆ ನೀಡಬೇಕಾಗುತ್ತದೆ. ನೀಡಿದ ಔಷಧಗಳ ಹೆಸರು, ಪ್ರಮಾಣ ಮತ್ತು ಸಮಯ ಅದರಲ್ಲಿ ದಾಖಲಾಗಿರುತ್ತದೆ.

5. ಆರೋಗ್ಯ ಸಂಬಂಧಿತ ಸಲಹೆ ಹಾಗೂ ಸೇವೆಯ ಬಗೆಗಿನ ದೂರುಗಳಿಗೆ 104 ಆರೋಗ್ಯ ಸಹಾಯವಾಣಿಯನ್ನು ಸಂಪರ್ಕಿಸಬಹುದು. ತುರ್ತು ಸಂದರ್ಭದಲ್ಲಿ 108ಕ್ಕೆ ಮಾತ್ರ ಕರೆ ಮಾಡತಕ್ಕದ್ದು.

ಸಾರ್ವಜನಿಕರ ಗಮನಕ್ಕೆ

ಒತ್ತಡ ಏರಿಸುವ ಔಷಧವನ್ನು ಹರಿಸುತ್ತಿದ್ದಾರೆಂದರೆ ರೋಗಿಯ ಸ್ಥಿತಿ ಗಂಭೀರವಾಗಿದೆ ಎಂದು ಅರ್ಥ, ಆಸೆ ಬಿಡಬೇಕೆಂದಲ್ಲ. ಪ್ರಮಾಣ ಕಡಿಮೆಯಾಗುತ್ತಾ ಬಂದರೆ ಚೇತರಿಕೆಯ ಲಕ್ಷಣ. ಹೆಚ್ಚುತ್ತಾ ಹೋದರೆ ದೇಹ ಸೋಲುತ್ತಿರುವುದರ ಸೂಚನೆ. ಈ ವಿಷಯವನ್ನು ವೈದ್ಯರಿಂದ ದಿನಕ್ಕೊಮ್ಮೆ ಕೇಳಿ ತಿಳಿದುಕೊಳ್ಳುವ ಹಕ್ಕು ಕುಟುಂಬದವರಿಗಿದೆ. ಎದೆ ಒತ್ತುವ ಕ್ರಮವನ್ನು ಪ್ರತಿ ಮನೆಯಲ್ಲಿ ಕನಿಷ್ಠ ಒಬ್ಬರಾದರೂ ಕಲಿತಿರಬೇಕು. ಆಸ್ಪತ್ರೆಯಿಂದ ದೂರವಿರುವ ಊರುಗಳಲ್ಲಿ ಸ್ವಸಹಾಯ ಸಂಘಗಳು, ಯುವಕ ಮಂಡಲಗಳು ಮತ್ತು ಶಾಲೆಗಳು ತಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯವರಲ್ಲಿ ಇಂತಹ ತರಬೇತಿಗಾಗಿ ಮನವಿ ಸಲ್ಲಿಸಬಹುದಾಗಿದೆ.

ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಔಷಧದ ಆಯ್ಕೆ ಮತ್ತು ಪ್ರಮಾಣವನ್ನು ಚಿಕಿತ್ಸೆ ನೀಡುವ ವೈದ್ಯರೇ ನಿರ್ಧರಿಸತಕ್ಕದ್ದು.